ಕಚ್ಚಿಕೊಂಡ ಕೆಗ್ ಕನೆಕ್ಟರಿಗೆ ಯಾವ ಜಿಡ್ಡು? ತೆಂಗಿನೆಣ್ಣೆ, ಮುರುಗಲ ತುಪ್ಪ, ಪೆಟ್ರೋಲಿಯಂ ಜೆಲ್ಲಿ, ಸಿಲಿಕೋನ್ ಗ್ರೀಸ್

ಮನೆಯಲ್ಲಿ ಬಿಯರ್ ಮಾಡುವವರಿಂದ ಹೆಸರಾದ 19 ಲೀಟರಿನ ಬಾಲ್ ಲಾಕ್ ಕೆಗ್ (ಗ್ಯಾಸಿನ ಒತ್ತಡದಲ್ಲಿ ಪಾನೀಯ ಇಡುವ ಸ್ಟೀಲ್ ಪಾತ್ರೆ) ಹುಟ್ಟಿದ್ದು ತಂಪು ಪಾನೀಯಕ್ಕೆ. ಹಾಗಾಗಿ ಶಿರಸಿ, ಕುಮಟಾ ಕಡೆ ಮುರುಗಲು (ಕೋಕಂ) ಸೋಡಾ ತುಂಬಲು ಅದು ಹೇಳಿ ಮಾಡಿಸಿದ ಪಾತ್ರೆ. ತೊಂದರೆ ಕೊಡುವುದು ಅದರ ಕನೆಕ್ಟರ್, ಅಂದರೆ ಗ್ಯಾಸಿನ ಅಥವಾ ರಸದ ಪೈಪನ್ನು ಕೆಗ್ಗಿನ ತಲೆಯ ಮೇಲಿನ ಮೂತಿಗೆ (ಪೋಸ್ಟ್) ಕೂಡಿಸುವ ತುಂಡು. ಅದು ಎರಡು ರೀತಿ ಕಚ್ಚಿಕೊಳ್ಳುತ್ತದೆ. ಕನೆಕ್ಟರಿನ ಹೊರಗಿನ ಬಳೆ, ಅಂದರೆ ಕಾಲರ್, ಸಲೀಸಾಗಿ ಮೇಲೆದ್ದರೂ ಕನೆಕ್ಟರ್ ಪೋಸ್ಟ್ ಬಿಟ್ಟು ಬರದಿದ್ದರೆ ಪೋಸ್ಟಿನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಒಣಗಿದೆ ಅಥವಾ ಉಬ್ಬಿದೆ. ಕಾಲರೇ ಅಲುಗದಿದ್ದರೆ, ಇಲ್ಲವೇ ಕನೆಕ್ಟರ್ ತೆಗೆದ ಮೇಲೂ ಪೋಸ್ಟಿನಿಂದ ರಸ ಚಿಮ್ಮುತ್ತಿದ್ದರೆ ಒಳಗೆ ಸಕ್ಕರೆ ಒಣಗಿ ಅಂಟಾಗಿದೆ. ಜಿಡ್ಡು ಮೊದಲನೆಯದಕ್ಕೆ ಮಾತ್ರ ಮದ್ದು. ಎರಡನೆಯದಕ್ಕೆ ಎಷ್ಟು ಹಚ್ಚಿದರೂ ಉಪಯೋಗವಿಲ್ಲ.

4 ಡಿಗ್ರಿ ತಂಪಿನಲ್ಲಿ, 2 ಬಾರ್ ಒತ್ತಡದಲ್ಲಿ, ಒಂದೇ ಬಗೆಯ ನೈಟ್ರೈಲ್ ರಬ್ಬರಿನ ರಿಂಗಿಗೆ ನಾಲ್ಕನ್ನೂ ಹಚ್ಚಿ ನೋಡಿದಾಗ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ತೆಂಗಿನೆಣ್ಣೆ ಎಲ್ಲರ ಮನೆಯಲ್ಲೂ ಇರುವುದರಿಂದ ಮೊದಲು ಕೈ ಹೋಗುವುದು ಅದಕ್ಕೇ. ಕಾರವಾರದ ಸೆಕೆಯಲ್ಲಿ ಹಚ್ಚುವಾಗ ಚೆನ್ನಾಗಿಯೇ ಜಾರುತ್ತದೆ. ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಫ್ರಿಜ್ಜಿನಲ್ಲಿಟ್ಟ ಕೆಗ್ಗಿನ ಮೇಲೆ ಅದು ಎಣ್ಣೆಯಾಗಿ ಉಳಿಯುವುದಿಲ್ಲ, ಮೇಣವಾಗುತ್ತದೆ. ಪಾಪೆಟ್ (ಪೋಸ್ಟಿನೊಳಗಿನ ಸ್ಪ್ರಿಂಗ್ ವಾಲ್ವ್) ಸುತ್ತ ಹೆಪ್ಪುಗಟ್ಟಿದರೆ ವಾಲ್ವ್ ಪೂರ್ತಿ ಮುಚ್ಚದೆ ಸೋರುತ್ತದೆ. ಹಳತಾದಂತೆ ಕಮಟು ಬೇರೆ, ಆ ವಾಸನೆ ಮೊದಲ ಲೋಟದಲ್ಲೇ ಬರುತ್ತದೆ. ಮುರುಗಲ ತುಪ್ಪ ಇನ್ನೂ ಕಷ್ಟ. ಅದು ಕರಗುವುದೇ 40 ಡಿಗ್ರಿಯ ಆಸುಪಾಸಿನಲ್ಲಿ, ಹಾಗಾಗಿ ಹಚ್ಚುವಾಗಲೇ ಗಟ್ಟಿ. ಒಡೆದ ಹಿಮ್ಮಡಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ, ಕೆಗ್ಗಿಗೆ ಬೇಡ.

ಪೆಟ್ರೋಲಿಯಂ ಜೆಲ್ಲಿ ತಂಪಿನಲ್ಲೂ ಮೆತ್ತಗಿರುತ್ತದೆ, ನೈಟ್ರೈಲಿಗೆ ಏನೂ ಮಾಡುವುದಿಲ್ಲ. ರಿಂಗ್ ಇಪಿಡಿಎಂ ರಬ್ಬರಿನದಾಗಿದ್ದರೆ ಮಾತ್ರ ಅದನ್ನು ಉಬ್ಬಿಸುತ್ತದೆ. ಉಬ್ಬಿದ ರಿಂಗ್ ಕನೆಕ್ಟರನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ, ಅಂದರೆ ಮದ್ದೇ ರೋಗವಾದಂತೆ. ಎರಡೂ ರಬ್ಬರ್ ಸಾಮಾನ್ಯವಾಗಿ ಕಪ್ಪು ಬಣ್ಣದವು, ಕಣ್ಣಳತೆಯಲ್ಲಿ ಗುರುತು ಹತ್ತುವುದಿಲ್ಲ. ಕೊಳ್ಳುವಾಗ ಯಾವ ರಬ್ಬರ್ ಎಂದು ಕೇಳಿ ಪೊಟ್ಟಣದ ಮೇಲೆ ಬರೆದಿಡಿ.

ಆಹಾರ ದರ್ಜೆಯ ಸಿಲಿಕೋನ್ ಗ್ರೀಸ್ ಇವೆಲ್ಲಕ್ಕಿಂತ ಮೇಲು, ಅದರಲ್ಲಿ ಅನುಮಾನವಿಲ್ಲ. ಫ್ರಿಜ್ಜಿನಲ್ಲೂ ಮೇ ತಿಂಗಳ ಮಧ್ಯಾಹ್ನದಲ್ಲೂ ಅದರ ಹದ ಹೆಚ್ಚುಕಡಿಮೆ ಒಂದೇ. ನೈಟ್ರೈಲ್, ಇಪಿಡಿಎಂ ಎರಡಕ್ಕೂ ಸೈ. ಸಿಲಿಕೋನಿನದೇ ರಿಂಗಿಗೆ ಮಾತ್ರ ಹಚ್ಚಬಾರದು, ಉಬ್ಬುತ್ತದೆ. ಒಂದು ಪೋಸ್ಟಿಗೆ ಅಕ್ಕಿಕಾಳಿನಷ್ಟು ಸಾಕು: ಬೆರಳಿನಲ್ಲಿ ರಿಂಗಿನ ಸುತ್ತ ತೆಳ್ಳಗೆ ಹೊಳಪು ಬರುವಂತೆ ಸವರಿ, ಹೆಚ್ಚಾದದ್ದನ್ನು ಒರೆಸಿ. ಬೆಲೆ ಹೆಚ್ಚು ಅನ್ನಿಸಬಹುದು, ಆದರೆ ನೀರಿಗೆ ತೊಳೆದುಹೋಗುವುದಿಲ್ಲವಾದ್ದರಿಂದ ಸಣ್ಣ ಟ್ಯೂಬ್ ಬಹಳ ಕಾಲ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬರೇ ‘ಸಿಲಿಕೋನ್’ ಎಂದು ಕೇಳಿದರೆ ಬಾತ್‌ರೂಮಿನ ಸಂದಿ ಮುಚ್ಚುವ ಸೀಲಂಟ್ ಕೊಡುತ್ತಾರೆ. ಅದು ಗಟ್ಟಿಯಾಗುವ ಅಂಟು, ಕೆಗ್ಗಿನ ಹತ್ತಿರವೂ ತರಬೇಡಿ.

ಇನ್ನು ರಿಂಗಿನ ದಪ್ಪ. ಪೋಸ್ಟಿನ ರಿಂಗಿನ ದಪ್ಪ 2.62 ಮಿ.ಮೀ. ಪಂಪ್‌ಸೆಟ್ ಅಂಗಡಿಯ 3 ಮಿ.ಮೀ. ದಪ್ಪದ ರಿಂಗ್ ಹಾಕಿದರೆ ಯಾವ ಗ್ರೀಸ್ ಹಚ್ಚಿದರೂ ಕಚ್ಚುತ್ತದೆ. 2.5ರದ್ದು ಹಗುರವಾಗಿ ಕೂರುತ್ತದೆ, ಆದರೆ ಗ್ಯಾಸಿನ ಕಡೆ ಸೋರಬಹುದು, ಸೋಪಿನ ನೊರೆ ಹಚ್ಚಿ ನೋಡಬೇಕು.

ಸಕ್ಕರೆ ಅಂಟಿಗೆ ಬಿಸಿನೀರೇ ಮದ್ದು. ಮುರುಗಲು ರಸಕ್ಕೆ ಬೆಲ್ಲವೋ ಸಕ್ಕರೆಯೋ ಕೈಬಿಚ್ಚಿ ಬಿದ್ದಿರುತ್ತದೆ, ಸಿಪ್ಪೆಯ ನಾರೂ ಇರುತ್ತದೆ. ತುಂಬುವ ಮೊದಲು ಎರಡು ಪದರದ ಬಟ್ಟೆಯಲ್ಲಿ ಸೋಸದಿದ್ದರೆ ನಾರು ಪಾಪೆಟ್ಟಿನ ಸೀಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ರತಿ ಕೆಗ್ ಖಾಲಿಯಾದಾಗ ಕನೆಕ್ಟರಿನ ನೆತ್ತಿಯ ಸ್ಕ್ರೂ ಬಿಚ್ಚಿ, ಪಿನ್ ಮತ್ತು ಸ್ಪ್ರಿಂಗ್ ಹೊರತೆಗೆದು ಬಿಸಿನೀರಿನಲ್ಲಿ ನೆನೆಸಿ. ಚಿಕ್ಕ ಕೆಲಸ, ಆದರೆ ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ.

ಪ್ಲಾಸ್ಟಿಕ್ ಕನೆಕ್ಟರೋ ಸ್ಟೀಲೋ ಎಂದರೆ, ರಸದ ಕಡೆಗೆ ಸ್ಟೀಲ್, ಗ್ಯಾಸಿನ ಕಡೆಗೆ ಪ್ಲಾಸ್ಟಿಕ್ ಸಾಕು. ಕಚ್ಚಿಕೊಂಡಾಗ ಓರೆಯಾಗಿ ಎಳೆದರೆ ಪ್ಲಾಸ್ಟಿಕ್ ಬಿರಿಯುತ್ತದೆ. ಸ್ಟೀಲ್ ಬಿಸಿಯನ್ನು ಬೇಗ ಒಳಗೆ ಒಯ್ಯುವುದರಿಂದ ಅಂಟು ಬೇಗ ಕರಗುತ್ತದೆ.

ಈಗಾಗಲೇ ಕಚ್ಚಿಕೊಂಡಿದ್ದರೆ ಮೊದಲು ಗ್ಯಾಸ್ ಸಿಲಿಂಡರ್ ಮುಚ್ಚಿ, ಮುಚ್ಚಳದ ರಿಲೀಫ್ ವಾಲ್ವ್ ಎಳೆದು ಒತ್ತಡವನ್ನು ಪೂರ್ತಿ ಬಿಡಿ. 60 ಡಿಗ್ರಿಯ ನೀರನ್ನು ನಾಲ್ಕೈದು ನಿಮಿಷ ಕಾಲರಿನ ಮೇಲೆ ಸುರಿಯಿರಿ. ಆಮೇಲೆ ಕನೆಕ್ಟರನ್ನು ಮೇಲೆಳೆಯುವ ಬದಲು ಕೆಳಗೆ ಒತ್ತಿ. ಕಾಲರಿನೊಳಗೆ ಪೋಸ್ಟನ್ನು ಹಿಡಿದಿರುವ ಗೋಲಿಗಳ ಮೇಲಿನ ಭಾರ ತಪ್ಪಿದಾಗಲೇ ಕಾಲರ್ ಏಳುತ್ತದೆ. ಕಾಲರ್ ಎತ್ತಿ ಹಿಡಿದು, ಎಡಬಲ ತಿರುಗಿಸುತ್ತ ನೆಟ್ಟಗೆ ಮೇಲೆತ್ತಿ.

ಗ್ಯಾಸಿನ ಬಿಳಿ ಅಥವಾ ಬೂದು ಕನೆಕ್ಟರನ್ನು ರಸದ ಪೋಸ್ಟಿಗೆ ಒತ್ತಿ ಕೂರಿಸಿದ್ದರೆ ಇದೂ ಸಾಲದು. ಒತ್ತಡ ಪೂರ್ತಿ ಹೋಗಿದೆ ಎಂದು ಇನ್ನೊಮ್ಮೆ ವಾಲ್ವ್ ಎಳೆದು ನೋಡಿ, ಪೋಸ್ಟನ್ನೇ ಸ್ಪ್ಯಾನರಿನಿಂದ ಬಿಚ್ಚಿ ಕನೆಕ್ಟರ್ ಸಮೇತ ತೆಗೆದು, ಪೋಸ್ಟನ್ನು ಬಿಸಿನೀರಿನಲ್ಲಿ ಮುಳುಗಿಸಿ ಬೇರ್ಪಡಿಸಿ. ಗ್ಯಾಸಿನ ಪೋಸ್ಟಿನ ಬುಡದಲ್ಲಿ ಸಾಮಾನ್ಯವಾಗಿ ಕಚ್ಚು ಕೊರೆದಿರುತ್ತದೆ, ಜೋಡಿಸುವ ಮುನ್ನ ಅದನ್ನು ಬೆರಳಿನಿಂದ ಮುಟ್ಟಿ ನೋಡುವ ರೂಢಿ ಇಟ್ಟುಕೊಳ್ಳಿ.

ಕರಾವಳಿಯವರಿಗೆ ಒಂದು ಮಾತು ಹೆಚ್ಚು. ಉಪ್ಪು ಹಾಕಿದ ಮುರುಗಲು ರಸವನ್ನು ಕೆಗ್ಗಿನಲ್ಲಿ ದಿನಗಟ್ಟಲೆ ಬಿಡಬೇಡಿ, ಉಪ್ಪಿಗೂ ಹುಳಿಗೂ 304 ದರ್ಜೆಯ ಸ್ಟೀಲಿನಲ್ಲೂ ಚುಕ್ಕೆ ಗುಳಿ ಬೀಳುತ್ತವೆ, ಮೊದಲು ಹಾಳಾಗುವುದು ಪೋಸ್ಟಿನ ತಿರುಪಿನ ಎಳೆಗಳು. ಉಪ್ಪನ್ನು ಲೋಟಕ್ಕೇ ಹಾಕಿ. ಮಳೆಗಾಲಕ್ಕೆ ಎತ್ತಿಡುವಾಗ ಕನೆಕ್ಟರನ್ನು ಪೋಸ್ಟಿನಿಂದ ಬಿಡಿಸಿಯೇ ಇಡಿ. ತಿಂಗಳುಗಟ್ಟಲೆ ಅದುಮಿಟ್ಟ ರಿಂಗ್ ಚಪ್ಪಟೆಯಾಗಿ ಮತ್ತೆ ದುಂಡಗಾಗುವುದಿಲ್ಲ.