ಮೆಟ್ಟಿಲಿಗೊಂದು, ಸಜ್ಜೆಗೊಂದು: ಮಳೆಯಲ್ಲಿ ನೆನೆದ ನಾಲ್ಕು ಎಲ್‌ಇಡಿ ಪಟ್ಟಿಗಳು

ನಮ್ಮ ಮನೆ ತುಮಕೂರಿನ ಕ್ಯಾತ್ಸಂದ್ರದ ಕಡೆ. ಪೋರ್ಟಿಕೋದಿಂದ ಅಂಗಳಕ್ಕೆ ಐದು ಕಲ್ಲು ಮೆಟ್ಟಿಲು. ಹೋದ ಬೇಸಿಗೆಯಲ್ಲಿ ಒಂದು ರಾತ್ರಿ ಅಪ್ಪ ಮೆಟ್ಟಿಲು ಮುಗಿಯಿತು ಅಂದುಕೊಂಡು ಕಾಲಿಟ್ಟರು. ಇನ್ನೂ ಒಂದು ಉಳಿದಿತ್ತು. ಪೆಟ್ಟೇನೂ ಆಗಲಿಲ್ಲ, ಗೇಟು ಕೈಗೆ ಸಿಕ್ಕಿತು. ಕರೆಂಟಿತ್ತು, ಬಲ್ಬೂ ಉರಿಯುತ್ತಿತ್ತು. ಆದರೆ ಬಲ್ಬು ಇಳಿಯುವವರ ಬೆನ್ನ ಹಿಂದೆ, ಅವರ ನೆರಳೇ ಮೆಟ್ಟಿಲ ಮೇಲೆ.

ಮೆಟ್ಟಿಲಿಗೆ ಎಲ್‌ಇಡಿ ಪಟ್ಟಿ ಹಾಕಿಸೋಣ ಅಂತ ಹೊರಟವನು ನಾನು. ಅಂಗಡಿಯಲ್ಲಿ ನಾಲ್ಕು ಥರ ತೋರಿಸಿದರು. ಮೆಟ್ಟಿಲಿಗೆ ಒಂದು, ಸಜ್ಜೆಗೆ ಇನ್ನೊಂದು, ಕಾಂಪೌಂಡಿಗೆ ಮತ್ತೊಂದು, ತುಳಸಿ ಕಟ್ಟೆಗೆ ಸೋಲಾರಿನದು. ಹೀಗೆ ನಾಲ್ಕೂ ಮನೆಗೆ ಬಂದವು. ಹಚ್ಚಿದ ದಿನ ನಾಲ್ಕೂ ಚೆನ್ನಾಗಿಯೇ ಇದ್ದವು. ನಮ್ಮ ಕಡೆ ಜೂನ್ ಮಳೆ ಹೆಸರಿಗಷ್ಟೆ. ಜೋರಾಗಿ ಹೊಡೆಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಸ್ತ, ಚಿತ್ತೆ ದಾಟಿದ ಮೇಲೆ ಯಾವುದು ಉಳಿಯಿತು ಅನ್ನುವುದೇ ಲೆಕ್ಕ.

ಸಜ್ಜೆಯ ಅಂಚಿಗೆ ಹಾಕಿದ್ದು 230 ವೋಲ್ಟಿನ ಪಟ್ಟಿ. ಗಣಪತಿ ಪೆಂಡಾಲಿಗೆ, ಮದುವೆ ಮನೆಗೆ ಸುತ್ತುತ್ತಾರಲ್ಲ, ಅದೇ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ತುದಿಯಲ್ಲಿ ಒಂದು ದಪ್ಪ ಪ್ಲಗ್ಗು. ನನಗೆ ಮೀಟರಿಗೆ 70 ರೂಪಾಯಿ ಬಿತ್ತು. ವೋಲ್ಟೇಜ್ ಇಳಿಸುವ ಡ್ರೈವರ್ ಬೇಡ, ಅಡಾಪ್ಟರ್ ಬೇಡ. 15 ಮೀಟರ್ ಒಂದೇ ಉದ್ದಕ್ಕೆ ಎಳೆದರೂ ಈ ತುದಿಯ ಬೆಳಕೂ ಆ ತುದಿಯ ಬೆಳಕೂ ಒಂದೇ. ಅಗ್ಗ, ಸಲೀಸು, ಒಂದು ಗಂಟೆಯ ಕೆಲಸ.

ತೊಂದರೆ ಶುರುವಾಗಿದ್ದು ಅಕ್ಕನ ಮಗುವಿನ ನಾಮಕರಣದ ದಿನ. ಸಂಜೆ ತೆಗೆದ ಮೊಬೈಲ್ ವಿಡಿಯೋದಲ್ಲೆಲ್ಲ ಕಪ್ಪು ಪಟ್ಟೆ ಓಡುತ್ತಿವೆ. ನಮ್ಮ ಕರೆಂಟು 50 ಹರ್ಟ್ಸ್. ಆ ಪ್ಲಗ್ಗಿನಲ್ಲಿ ಇರುವುದು ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಮಾತ್ರ, ಹಾಗಾಗಿ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಆಮೇಲೆ ನಡುವೆ ಒಂದು ಮೀಟರ್ ಪೂರ್ತಿ ಆರಿತು. ನನ್ನ ಪಟ್ಟಿಯಲ್ಲಿ ಒಂದೊಂದು ಮೀಟರಿನ ದೀಪಗಳೂ ಸೀರೀಸಿನಲ್ಲಿ, ಅಂದರೆ ಒಂದರ ಹಿಂದೊಂದು ಸರಪಳಿಯ ಹಾಗೆ ಇವೆ. ಒಂದು ಸತ್ತರೆ ಆ ಮೀಟರೇ ಕತ್ತಲೆ, ಬಾಯಿಯಲ್ಲಿ ಹಲ್ಲು ಬಿದ್ದ ಹಾಗೆ.

ಇದೆಲ್ಲ ಸಹಿಸಬಹುದಿತ್ತು. ಒಂದು ರಾತ್ರಿ ಮಳೆ ಬರುವಾಗ ಟಪ್ ಅಂತ ಇಡೀ ಮನೆ ಕತ್ತಲಾಯಿತು. ಮೀಟರ್ ಬೋರ್ಡಿನ ಪಕ್ಕದ, ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಆರ್‌ಸಿಸಿಬಿ ಬಿದ್ದಿತ್ತು. ಎತ್ತಿದರೆ ಮತ್ತೆ ಬೀಳುತ್ತದೆ. ಬೆಳಿಗ್ಗೆ ಏಣಿ ಹಾಕಿ ನೋಡಿದರೆ ಅಳಿಲು ಪಟ್ಟಿಯನ್ನು ಎರಡು ಕಡೆ ಕಡಿದಿದೆ, ಒಳಗಿನ ತಂತಿ ಹೊಳೆಯುತ್ತಿದೆ, ಅದರ ಮೇಲೆ ನೀರು. ಅದು 230 ವೋಲ್ಟಿನ ತಂತಿ! ಆರ್‌ಸಿಸಿಬಿ ಇಲ್ಲದ ಮನೆಯಾಗಿದ್ದರೆ, ಒದ್ದೆ ಕಬ್ಬಿಣದ ಏಣಿ ಹತ್ತಿ ಮುಟ್ಟಿದ್ದರೆ ಅಂತ ಯೋಚಿಸಿದಾಗ ಈಗಲೂ ಮೈ ಜುಂ ಅನ್ನುತ್ತದೆ. ಈ ಪಟ್ಟಿಯನ್ನು ಕೈಗೆ ಸಿಗದ ಎತ್ತರದಲ್ಲಿ, ಹಬ್ಬದ ನಾಲ್ಕು ದಿನಕ್ಕೆ ಕಟ್ಟಿ ಬಿಚ್ಚಿಡಿ. ಮಕ್ಕಳು ಓಡಾಡುವ ಮೆಟ್ಟಿಲಿಗೆ, ನೀರು ಹಾಕುವ ಗಿಡದ ಪಾತಿಗೆ ಬೇಡವೇ ಬೇಡ.

ಕಾಂಪೌಂಡಿಗೆ ಹಾಕಿದ್ದು 12 ವೋಲ್ಟಿನದು, 5 ಮೀಟರಿನ ಎರಡು ಸುರುಳಿ. ಒಂದಕ್ಕೆ 400 ರೂಪಾಯಿ, ಅಡಾಪ್ಟರ್ ಬೇರೆ. ಡಬ್ಬದ ಮೇಲೆ ಐಪಿ 65 ಅಂತ ದೊಡ್ಡದಾಗಿ ಬರೆದಿತ್ತು. ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. 5 ಅಂದರೆ ಪೈಪಿನಿಂದ ನೀರು ಎರಚಿದರೂ ತಡೆಯಬೇಕು, 7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಒಳಗೆ ಹೋಗಬಾರದು. ನನ್ನ 65ರಲ್ಲಿ ದೀಪದ ಮೇಲೆ ಮಾತ್ರ ಅಂಟಿನಂಥ ಲೇಪ, ಬೆನ್ನು ಹಾಗೇ ಬೋಳು. ಕತ್ತರಿಸಿದ ತುದಿಯ ಕಥೆ ಕೇಳಲೇಬೇಡಿ.

ಎರಡು ಸುರುಳಿಯನ್ನೂ ಉದ್ದಕ್ಕೆ ಜೋಡಿಸಿ ಒಂದೇ ಕಡೆಯಿಂದ ಕರೆಂಟು ಕೊಟ್ಟೆ. ಗೇಟಿನ ಹತ್ತಿರ ಝಗಮಗ, ಸಂಪಿಗೆ ಮರದ ಹತ್ತಿರ ಮಂಕು. ಮಲ್ಟಿಮೀಟರ್ ಇಟ್ಟರೆ ಶುರುವಿನಲ್ಲಿ 11.9, ಕೊನೆಯಲ್ಲಿ 9.8. ಪಟ್ಟಿಯ ತಾಮ್ರ ತೆಳುವಾಗಿರುತ್ತದೆ, ದೂರ ಹೋದಷ್ಟೂ ವೋಲ್ಟೇಜ್ ಸೋರುತ್ತದೆ. ಬೇರೆ ತಂತಿ ಎಳೆದು ಆ ತುದಿಯಿಂದಲೂ ಕೊಟ್ಟ ಮೇಲೆ ಸರಿಹೋಯಿತು. ಮೊದಲೇ ಗೊತ್ತಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು.

ಬೆನ್ನಿನ ಅಂಟು ಟೇಪಿನ ಮೇಲೂ ನನಗೆ ಸಿಟ್ಟಿದೆ. ನಮ್ಮದು ಸುಣ್ಣ ಹೊಡೆದ ಹಳೇ ಗೋಡೆ. ಟೇಪು ಗೋಡೆಗೆ ಅಂಟಲಿಲ್ಲ, ಸುಣ್ಣದ ಪುಡಿಗೆ ಅಂಟಿತು. ಒಂದೇ ವಾರದಲ್ಲಿ ಪಟ್ಟಿ ಜೋಲು ಬಿತ್ತು. ಅಡಿಗೊಂದು ಕ್ಲಿಪ್ಪು, ಕ್ಲಿಪ್ಪಿಗೊಂದು ಸ್ಕ್ರೂ, ಹೊರಗಡೆಗೆ ಬೇರೆ ದಾರಿ ಇಲ್ಲ. ಇನ್ನೊಂದು ತಪ್ಪು, ಬೆಳ್ಳಗೆ ಇರಲಿ ಅಂತ 6500 ಕೆಲ್ವಿನ್ನಿನ ಡೇಲೈಟ್ ತಂದದ್ದು. ಮೊದಲ ಮಳೆಗೇ ಈಸಲು ಹುಳ ಅಷ್ಟೂ ನಮ್ಮ ಕಾಂಪೌಂಡಿಗೆ ಬಂದವು, ಅವುಗಳ ಹಿಂದೆ ಊರಿನ ಹಲ್ಲಿಗಳೆಲ್ಲ. ನೀಲಿ ಜಾಸ್ತಿ ಇರುವ ಬೆಳಕಿಗೆ ಹುಳ ಬೇಗ ಬರುತ್ತದೆ, 3000 ಕೆಲ್ವಿನ್ನಿನ ಹಳದಿ ಬೆಳಕಿಗೆ ಅಷ್ಟು ಬರಲ್ಲ. ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದರು: "ಏನೋ ಇದು, ಮನೇನ ಸಿರಾ ರೋಡಿನ ಡಾಬಾ ಮಾಡಿಟ್ಟಿದ್ದೀಯಲ್ಲೋ!"

ಅಕ್ಟೋಬರ್ ಕೊನೆಗೆ ಕಾಂಪೌಂಡಿನ ಅರ್ಧ ಆರಿತು. ಬಿಚ್ಚಿ ನೋಡಿದೆ. ಜೋಡಿಸಿದ ಕಡೆ ತಾಮ್ರದ ಬಿಲ್ಲೆಗಳು ಹಸಿರು ಕಟ್ಟಿದ್ದವು, ಹಳೇ ಹಿತ್ತಾಳೆ ಚೊಂಬಿನ ತಳದ ಹಾಗೆ. ಉಗುರು ತಾಗಿಸಿದರೆ ಪುಡಿಪುಡಿ. ನಾನು ಅಲ್ಲಿ ಸಿಲಿಕೋನ್ ಬಳಿದಿದ್ದೆ, ನೀರು ಹೋಗಬಾರದು ಅಂತಲೇ. ಟ್ಯೂಬ್ ತೆಗೆದು ಮೂಸಿದೆ, ವಿನಿಗರ್ ವಾಸನೆ. ಬಾತ್‌ರೂಮಿಗೆ ಹಾಕುವ ಆ ಥರದ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ, ಅದು ತಾಮ್ರವನ್ನು ತಿನ್ನುತ್ತದೆ. ಕಾಪಾಡಲಿ ಅಂತ ಹಾಕಿದ್ದೇ ಕೊಂದಿತ್ತು. ಟ್ಯೂಬಿನ ಮೇಲೆ ನ್ಯೂಟ್ರಲ್ ಅಂತ ಇರುವುದನ್ನೇ ತರಬೇಕು. ಬೆಲೆ ಸ್ವಲ್ಪ ಜಾಸ್ತಿ, ಅಷ್ಟೆ.

ಸೋಲಾರಿನದಕ್ಕೆ ಎರಡು ಮಾತು ಸಾಕು. ಬಿಸಿಲಿದ್ದ ದಿನ ರಾತ್ರಿ ಹತ್ತರವರೆಗೆ, ಮೋಡದ ದಿನ ಎರಡು ಗಂಟೆ. ವೈರಿಂಗ್ ಇಲ್ಲ, ಷಾಕಿನ ಭಯ ಇಲ್ಲ, ಬೀದಿಗೆಲ್ಲ ಕರೆಂಟು ಹೋದಾಗ ನಮ್ಮ ತುಳಸಿ ಕಟ್ಟೆ ಮಾತ್ರ ಬೆಳಗುತ್ತಿತ್ತು. ಅಲಂಕಾರಕ್ಕೆ ಸರಿ, ಅಪ್ಪ ನಂಬಿ ಕಾಲಿಡುವುದಕ್ಕಲ್ಲ.

ಉಳಿದದ್ದು ಮೆಟ್ಟಿಲಿನದು. ಇದು 24 ವೋಲ್ಟ್, ಐಪಿ 67, 3000 ಕೆಲ್ವಿನ್, ಮೀಟರಿಗೆ 9.6 ವ್ಯಾಟ್. ಪಟ್ಟಿ ಸಿಲಿಕೋನ್ ಕೊಳವೆಯ ಒಳಗೇ ಇರುತ್ತದೆ, ಬೆನ್ನೂ ಮುಚ್ಚಿರುತ್ತದೆ. ಐದು ಮೆಟ್ಟಿಲು, ಒಂದೊಂದಕ್ಕೆ ಒಂದು ಮೀಟರ್, ಒಟ್ಟು 48 ವ್ಯಾಟ್. 24 ವೋಲ್ಟಿನಲ್ಲಿ ಅದು 2 ಆಂಪಿಯರ್. 12ರಲ್ಲಾದರೆ 4 ಆಗುತ್ತಿತ್ತು. ಕರೆಂಟು ಅರ್ಧ, ಹಾಗಾಗಿ ದಾರಿಯಲ್ಲಿ ಸೋರುವುದೂ ಕಡಿಮೆ. ಸಪ್ಲೈಗೆ ಶೇ 20ರಷ್ಟು ಮಿಗಿಲಿರಬೇಕು ಅಂತ 60 ವ್ಯಾಟಿನ, ಮಳೆಗೆ ತಡೆಯುವ, 230 ವೋಲ್ಟನ್ನು 24ಕ್ಕೆ ಇಳಿಸುವ ಎಸ್‌ಎಂಪಿಎಸ್ ತಂದೆ.

ಈ ಸಲ ನಾನೇ ಕೈ ಹಾಕಲಿಲ್ಲ, ಎಲೆಕ್ಟ್ರಿಷಿಯನ್‌ನ ಕರೆಸಿದೆ. ಬಂದವರು ಪಟ್ಟಿಯನ್ನು ನೋಡಲೇ ಇಲ್ಲ, ನೇರ ತುದಿ ನೋಡಿದರು. "ಲೈಟ್ ಕೆಡಲ್ಲ ಸಾರ್, ಜಾಯಿಂಟ್ ಕೆಡೋದು. ಐದು ತುಂಡು ಮಾಡಿದ್ರೆ ಹತ್ತು ತುದಿ. ಹತ್ತರಲ್ಲಿ ಒಂದು ಬಾಯಿ ಬಿಟ್ಟರೂ ಸಾಕು." ಪ್ರತಿ ತುದಿಗೂ ಬೆಸುಗೆ, ನ್ಯೂಟ್ರಲ್ ಸಿಲಿಕೋನ್, ಅದರ ಮೇಲೆ ಕ್ಯಾಪು, ಕ್ಯಾಪಿನ ಮೇಲೆ ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಶ್ರಿಂಕ್ ಸ್ಲೀವ್. ಐದು ತುಂಡಿಗೂ ಬೇರೆ ಬೇರೆ ತಂತಿ, ಎಲ್ಲ ಒಂದೇ ಜಂಕ್ಷನ್ ಬಾಕ್ಸಿಗೆ. ಬಾಕ್ಸಿಗೆ ತಂತಿ ಕೆಳಗಿನಿಂದ ಹೋಗುವ ಹಾಗೆ, ಒಳಗೆ ಹೋಗುವ ಮುಂಚೆ ಒಂದು ಜೋಲು ಬಿಟ್ಟು. ತಂತಿ ಹಿಡಿದು ಇಳಿಯುವ ನೀರು ಆ ಜೋಲಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಪಟ್ಟಿ ಕೂರಿಸುವ ಅಲ್ಯೂಮಿನಿಯಂ ಪ್ರೊಫೈಲ್ ತರುವಾಗ ನಾನು ಎಡವಿದೆ. ಒಳಗಿನ ಅಗಲ 10 ಮಿಲಿಮೀಟರಿನದು ತಂದೆ, ಕೊಳವೆ ಸಮೇತ ಪಟ್ಟಿ 12. ಮತ್ತೆ ಅಂಗಡಿಗೆ. ಪ್ರೊಫೈಲನ್ನು ಕಲ್ಲಿನ ನೋಸಿಂಗ್, ಅಂದರೆ ಮುಂದೆ ಚಾಚಿದ ಅಂಚಿನ ಕೆಳಗೆ, ಬೆಳಕು ಕೆಳಗಿನ ಮೆಟ್ಟಿಲಿಗೆ ಬೀಳುವ ಹಾಗೆ ಕೂರಿಸಿದರು. ಮೇಲಿನಿಂದ ಇಳಿಯುವವರಿಗೆ ದೀಪ ಕಾಣಲ್ಲ, ಮೆಟ್ಟಿಲಷ್ಟೇ ಕಾಣುತ್ತದೆ. ನೀರು ನಿಲ್ಲದಿರಲಿ ಅಂತ ಎರಡೂ ತುದಿಯಲ್ಲಿ ಸಣ್ಣ ತೂತು ಬಿಟ್ಟಿದ್ದಾರೆ.

ಕೂಲಿ ಸೇರಿ 4,800 ರೂಪಾಯಿ ಆಯಿತು. ನಾಲ್ಕರಲ್ಲಿ ಇದೇ ದುಬಾರಿ. ಆದರೆ ಕಾಂಪೌಂಡಿನದನ್ನು ಎರಡು ಸಲ ಮಾಡಿಸಿದ್ದೇನೆ, ಸಜ್ಜೆಯದು ಅಟ್ಟಕ್ಕೆ ಹೋಗಿದೆ, ಮೆಟ್ಟಿಲಿನದು ಇನ್ನೂ ಉರಿಯುತ್ತಿದೆ. ದಿನಕ್ಕೆ ನಾಲ್ಕು ಗಂಟೆ ಹಚ್ಚಿದರೆ ತಿಂಗಳಿಗೆ 6 ಯೂನಿಟ್ಟಿಗೂ ಸ್ವಲ್ಪ ಕಡಿಮೆ. ಅದೇನು ಮಹಾ ಅನ್ನಬಹುದು. ಗೃಹಜ್ಯೋತಿಯಲ್ಲಿ ನಮಗೆ ಉಚಿತವಾಗಿ ಸಿಗುವುದು ಹಳೇ ಸರಾಸರಿ, ಅದರ ಮೇಲೆ ಶೇ 10, ನಾವು ಆ ಗೆರೆಯ ಅಂಚಿನಲ್ಲೇ ಇರುವವರು. ಹಾಗಾಗಿ ಒಂದು ಡಿಮ್ಮರ್ ಹಾಕಿಸಿ ಅರ್ಧಕ್ಕೆ ಇಳಿಸಿದ್ದೇವೆ. ಅಪ್ಪನಿಗೆ ಅಷ್ಟು ಸಾಕಂತೆ, ಪೂರ್ತಿ ಇದ್ದರೆ ಕಣ್ಣು ಕುಕ್ಕುತ್ತದಂತೆ.

ಮೊನ್ನೆಯಿಂದ ಮೂರನೇ ಮೆಟ್ಟಿಲು ಒಂದೊಂದು ಸಲ ಮಿಣುಕುತ್ತಿದೆ. ಎಡಗಡೆಯ ತುದಿ ಅಂತ ನನ್ನ ಅನುಮಾನ. ಭಾನುವಾರ ಬಿಚ್ಚಿ ನೋಡಬೇಕು, ನ್ಯೂಟ್ರಲ್ ಟ್ಯೂಬಿನಲ್ಲಿ ಇನ್ನೂ ಅರ್ಧ ಉಳಿದಿದೆ.