ಇಂಗ್ಲಿಷ್-ಕನ್ನಡ ಡಿಕ್ಷನರಿ ಆಪ್: ಅರ್ಥ ಸಿಗುತ್ತೆ, ಬಳಕೆ ಸಿಗಲ್ಲ (5ಕ್ಕೆ 3 ಸ್ಟಾರ್)

ಪಿಯುಸಿವರೆಗೂ ಕನ್ನಡ ಮೀಡಿಯಂನಲ್ಲಿ ಓದಿ ಈಗ ಎಲ್‌ಎಲ್‌ಬಿ ಮಾಡ್ತಿದೀನಿ, ಹಾಗಾಗಿ ದಿನಾ ಈ ಆಪ್ ತೆಗೀಲೇಬೇಕು. ನೆಟ್ ಇಲ್ದಿದ್ರೂ ನಡೆಯುತ್ತೆ, ಸ್ಪೆಲಿಂಗ್ ಹೆಚ್ಚುಕಮ್ಮಿ ಆದ್ರೂ ಪದ ಹುಡುಕಿ ಕೊಡುತ್ತೆ, ಮೂರು ಸ್ಟಾರ್ ಅದಕ್ಕೇ.

ಆದ್ರೆ ಪರ್ಫಿಡಿ (perfidy) ಅಂತ ಹಾಕಿ ನೋಡಿ. ದ್ರೋಹ, ವಂಚನೆ, ನಂಬಿಕೆ ದ್ರೋಹ, ಮುಗೀತು. ಬಿಟ್ರೇಯಲ್‌ಗೂ ಇದೇ, ಟ್ರೆಚರಿಗೂ ಇದೇ, ಟ್ರೀಸನ್‌ಗೆ ಮಾತ್ರ ದ್ರೋಹದ ಮುಂದೆ ಒಂದು ‘ರಾಜ’ ಅಂಟಿಸಿದಾರೆ. ಎಲ್ಲಿ ಯಾವುದು ಬಳಸ್ಬೇಕು ಅಂತ ಒಂದು ವಾಕ್ಯನಾದ್ರೂ ಬೇಡ್ವಾ? ಪರ್ಫಿಡಿ ಪುಸ್ತಕದ ಪದ, ಫ್ರೆಂಡ್ ಕೈಕೊಟ್ಟ ಅನ್ನೋಕೆ ಯಾರೂ ಅದನ್ನ ಬಳಸಲ್ಲ, ಅಲ್ಲಿಗೆ ಬಿಟ್ರೇಯಲ್ ಸಾಕು.

ನನಗೆ ತಲೆ ಕೆಟ್ಟಿದ್ದು ಯುದ್ಧದ ಕಾನೂನು ಓದುವಾಗ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲನೇ ಪ್ರೋಟೋಕಾಲ್‌ (ಪೂರಕ ಒಪ್ಪಂದ)ನ 37ನೇ ವಿಧಿಯಲ್ಲಿ ಈ ಪದಕ್ಕೆ ಖಚಿತವಾದ ಅರ್ಥ ಇದೆ (ಭಾರತ ಅದಕ್ಕೆ ಸೇರಿಲ್ಲ, ಸಿಲಬಸ್‌ನಲ್ಲಿ ಮಾತ್ರ ಇದೆ!). ಬಿಳಿ ಬಾವುಟ ತೋರಿಸಿ, ಶರಣಾಗ್ತೀವಿ ಅಂತ ನಂಬಿಸಿ, ಎದುರಾಳಿ ಹತ್ರ ಬಂದಾಗ ಗುಂಡು ಹೊಡೆದು ಕೊಂದ್ರೆ ಅದು ಪರ್ಫಿಡಿ, ಅಂದ್ರೆ ಕಾನೂನು ಕೊಡೋ ರಕ್ಷಣೆ ಮೇಲಿನ ನಂಬಿಕೆನೇ ಬಂಡವಾಳ ಮಾಡ್ಕೊಂಡು ಕೊಲ್ಲೋದು. ಅದೇ ಡಮ್ಮಿ ಟ್ಯಾಂಕ್ ನಿಲ್ಲಿಸಿದ್ರೆ, ಸೊಪ್ಪುಸದೆ ಹೊದ್ಕೊಂಡು ಅಡಗಿದ್ರೆ, ಸುಳ್ಳು ಸುದ್ದಿ ಹಬ್ಬಿಸಿದ್ರೆ ತಪ್ಪಲ್ಲ, ಅದು ರೂಸ್ (ruse), ಬರೀ ಯುದ್ಧತಂತ್ರ. ಆಪ್‌ನಲ್ಲಿ ರೂಸ್‌ಗೂ ‘ವಂಚನೆ’ ಅಂತಾನೇ ಇದೆ. ಒಂದು ಅಪರಾಧ, ಇನ್ನೊಂದಕ್ಕೆ ಪೂರ್ತಿ ಅನುಮತಿ, ಇಲ್ಲಿ ನೋಡಿದ್ರೆ ಎರಡೂ ಒಂದೇ.

‘ನಂಬಿಕೆ ದ್ರೋಹ’ ಅಂತ ಬರ್ಕೊಂಡು ಹೋದ್ರೆ ಇನ್ನೂ ಗೊಂದಲ, ಯಾಕಂದ್ರೆ ನಮ್ಮ ಸ್ಟೇಷನ್, ಕೋರ್ಟಲ್ಲಿ ಆ ಮಾತಿಗೆ ಬೇರೆ ಲೆಕ್ಕ, ನಂಬಿ ಕೈಗೆ ಕೊಟ್ಟ ದುಡ್ಡೋ ಆಸ್ತಿನೋ ನುಂಗಿ ಹಾಕಿದ ಕೇಸು, ಮೊದಲು ಐಪಿಸಿ 406, ಈಗ ಅದರ ಜಾಗಕ್ಕೆ ಬಂದಿರೋ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 316.

‘ಪರ್ಫಿಡಿಯಸ್ ಆಲ್ಬಿಯನ್’ ಅಂತ ಹುಡುಕಿದ್ರೆ ಏನೂ ಸಿಗಲ್ಲ. ಇಂಗ್ಲೆಂಡ್ ಕೊಟ್ಟ ಮಾತಿಗೆ ನಿಲ್ಲಲ್ಲ ಅಂತ ಫ್ರೆಂಚರು ಬೈತಿದ್ದ ಹಳೇ ಬೈಗುಳ ಅದು, ಹಿಸ್ಟರಿ ಓದೋರಿಗೆ ಬೇಕಾಗುತ್ತೆ. ಆಡಿಯೋ ಪರವಾಗಿಲ್ಲ. ಜಾಹೀರಾತು ಮಾತ್ರ ವಿಪರೀತ, ಪದ ಪದಕ್ಕೂ ರಮ್ಮಿ ಆಡಿ ಅಂತ ಪರದೆ ತುಂಬಾ ಬರುತ್ತೆ.

ಕನ್ನಡದಿಂದ ಇಂಗ್ಲಿಷ್‌ಗೆ ಬೇಕಿದ್ರೆ ವಿ. ಕೃಷ್ಣ ಅವರ ‘ಅಲರ್’ ಅನ್ನೋ ಆನ್‌ಲೈನ್ ನಿಘಂಟು ನೋಡಿ, ಒಂದೂವರೆ ಲಕ್ಷದಷ್ಟು ಪದ ಇದೆ, ಫ್ರೀ. ಇಂಗ್ಲಿಷ್‌ನಿಂದ ಕನ್ನಡಕ್ಕೆ ಸದ್ಯ ಇದೇ ಆಪ್ ಇಟ್ಕೊಂಡಿದೀನಿ. ಡೆವಲಪರ್ ಸರ್, ಪದಕ್ಕೊಂದು ಉದಾಹರಣೆ ವಾಕ್ಯ ಹಾಕಿ, ಜಾಹೀರಾತು ತೆಗೆಯೋಕೆ ನೀವು ಕೇಳೋ ದುಡ್ಡು ಆಗ ಕೊಡ್ತೀನಿ.