ಕೋವಿ ಬೋಲ್ಟ್ ಪೂರ್ತಿ ಮುಚ್ಕೊಳ್ತಿಲ್ಲ ಅಂತ ಸ್ಪ್ರಿಂಗ್ ಹಾಕ್ಸೋಕೆ ಓಡ್ಬೇಡಿ, ನಾನು ಓಡಿ ಕೆಟ್ಟೆ

ಅಪ್ಪನ ಕಾಲದ 12 ಬೋರ್ ಸೆಮಿ ಆಟೋಮ್ಯಾಟಿಕ್ ಇದು (ಹೊಡೆದ ಮೇಲೆ ಖಾಲಿ ತೋಟಾ ತಾನೇ ಎಸೆದು ಮುಂದಿನದು ತಾನೇ ತುಂಬ್ಕೊಳ್ಳೋದು), ಅವರು ಹೋದ್ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಆಯ್ತು, ಬೆಂಗಳೂರಿನ ಬನಶಂಕರಿ ಮನೇಲಿದೆ. ವರ್ಷಕ್ಕೆ ನಾಲ್ಕೈದು ಸಲ ರೇಂಜಿಗೆ ಹೋಗಿ ಗಾಳೀಲಿ ಹಾರೋ ಕ್ಲೇ ತಟ್ಟೆ ಹೊಡೆಯೋದು ಬಿಟ್ರೆ ಅದಕ್ಕೆ ಬೇರೆ ಕೆಲಸ ಇಲ್ಲ. 2024ರ ಲೋಕಸಭಾ ಎಲೆಕ್ಷನ್‌ಗೆ ಸ್ಟೇಷನ್ನಲ್ಲಿ ಡೆಪಾಸಿಟ್ ಮಾಡಿದ್ದೆ, ಜೂನ್‌ನಲ್ಲಿ ಬಿಡಿಸ್ಕೊಂಡು ಬಂದೆ, ಆಮೇಲೆ ಒಂದ್ಸಲ ಹೊಡೆದಾಗ ಏನೂ ತೊಂದ್ರೆ ಇರ್ಲಿಲ್ಲ.

ತೊಂದ್ರೆ ಶುರುವಾಗಿದ್ದು ಡಿಸೆಂಬರ್‌ನಲ್ಲಿ. ಬೆಳಿಗ್ಗೆ ಏಳೂವರೆ, ಬೆರಳು ಮರಗಟ್ಟೋ ಚಳಿ, ಮೊದಲನೇ ತೋಟಾ ಹಾಕಿ ಬೋಲ್ಟ್ (ತೋಟಾನ ಒಳಗೆ ತಳ್ಳಿ ಹಿಂದಿನಿಂದ ಬಾಗಿಲ ಥರ ಮುಚ್ಚೋ ಭಾಗ) ಬಿಟ್ಟೆ, ಅದು ಮುಂದಕ್ಕೇನೋ ಹೋಯ್ತು ಆದ್ರೆ ಆ ಟಪ್ ಅನ್ನೋ ಸದ್ದು ಬರ್ಲಿಲ್ಲ. ನೋಡಿದ್ರೆ ಎರಡು ರೂಪಾಯಿ ನಾಣ್ಯದ ದಪ್ಪದಷ್ಟು ಹಿಂದೇನೇ ನಿಂತಿದೆ. ಹ್ಯಾಂಡಲ್‌ಗೆ ಅಂಗೈಯಲ್ಲಿ ಒಂದು ಗುದ್ದು ಕೊಟ್ಟೆ, ಮುಚ್ಕೊಂತು, ಹೊಡೆದೆ. ಏನೂ ಆಗ್ಲಿಲ್ಲ, ಪುಣ್ಯ. ದಯವಿಟ್ಟು ಹಾಗೆ ಗುದ್ದಬೇಡಿ. ಒಳಗೆ ತೋಟಾ ಉಬ್ಬಿದ್ಯೋ, ಚೇಂಬರ್‌ನಲ್ಲಿ, ಅಂದ್ರೆ ನಳಿಗೇಲಿ ತೋಟಾ ಕೂರೋ ಜಾಗದಲ್ಲಿ, ಏನಾದ್ರೂ ಸಿಕ್ಕೊಂಡಿದ್ಯೋ ಗೊತ್ತಿಲ್ದೆ ಗುದ್ದಿ ಮುಚ್ಚಿದ್ರೆ, ಲಾಕ್ ಸರಿಯಾಗಿ ಕೂರದೇ ಹೊಡೆದ್ರೆ, ಬೆಂಕಿ ಗ್ಯಾಸ್ ಎಲ್ಲಾ ಮುಖದ ಕಡೆಗೇ ಬರತ್ತೆ. ಟ್ರಿಗರ್ ಒತ್ತಿ ಬರೀ ಕ್ಲಿಕ್ ಅಂದ್ರೂ ಅಷ್ಟೇ, ನಳಿಗೆ ಟಾರ್ಗೆಟ್ ಕಡೆಗೇ ಇಟ್ಕೊಂಡು ಅರ್ಧ ನಿಮಿಷ ಕಾಯಿರಿ, ತೋಟಾ ತಡವಾಗಿ ಸಿಡೀಬಹುದು, ಆಮೇಲೆ ಬೋಲ್ಟ್ ತೆಗೀರಿ.

ಅವತ್ತು ಹತ್ತು ಗಂಟೆ ಹೊತ್ತಿಗೆ ಕೋವಿ ತಾನೇ ಸರಿಹೋಗಿತ್ತು. ಈ ಒಂದು ಸುಳಿವು ಕಣ್ಣೆದುರಿಗೇ ಇದ್ರೂ ನನ್ನ ತಲೆಗೆ ಹೋಗ್ಲಿಲ್ಲ ನೋಡಿ.

ಸಿಟಿ ಒಳಗಿನ ಒಂದು ಕೋವಿ ಅಂಗಡಿಗೆ ತಗೊಂಡೋದೆ, ಹೆಸರು ಬೇಡ. ರಿಪೇರಿ ಲೈಸೆನ್ಸ್ ಇರೋರೇ, ಆ ಲೈಸೆನ್ಸ್ ಇಲ್ದೋರ ಕೈಗೆ ಕೋವಿ ಕೊಡೋದು ಆರ್ಮ್ಸ್ ಆಕ್ಟ್ ಪ್ರಕಾರ ತಪ್ಪು, ಅದು ಗೊತ್ತಿತ್ತು. ಅವನು ಬೋಲ್ಟ್ ಎರಡು ಸಲ ಎಳೆದು ಬಿಟ್ಟು, "ಸಾರ್, ಸ್ಪ್ರಿಂಗ್ ಹೋಗಿದೆ ಸಾರ್, ಚೇಂಬರ್ ಕೂಡ ರಫ್ ಆಗಿದೆ" ಅಂದ. ಬೋಲ್ಟನ್ನ ಮುಂದಕ್ಕೆ ತಳ್ಳೋ ಆ ಸ್ಪ್ರಿಂಗ್ ಇರೋದು ಸ್ಟಾಕ್ ಒಳಗೆ, ಅಂದ್ರೆ ಹೆಗಲಿಗೆ ಒರಗೋ ಹಿಂಭಾಗದಲ್ಲಿ, ಅದನ್ನ ಬಿಚ್ಚಿ ನೋಡ್ದೇನೇ ಹೇಗೆ ಗೊತ್ತಾಯ್ತು ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ. ಹದಿನೈದು ದಿನ, ಹನ್ನೊಂದು ಸಾವಿರ. ಗಟ್ಟಿ ಸ್ಪ್ರಿಂಗ್ ಹಾಕಿದ, ಚೇಂಬರ್‌ಗೆ ಸ್ಯಾಂಡ್‌ಪೇಪರ್ ಕೊಟ್ಟು "ಪಾಲಿಶ್" ಮಾಡಿದ.

ಜನವರೀಲಿ ಹೋದ್ರೆ ಬೆಳಿಗ್ಗೆ ಅದೇ ಕಥೆ, ಮೇಲಿಂದ ಹೊಸಾ ರೋಗ ಬೇರೆ. ಸ್ಪ್ರಿಂಗ್ ಗಟ್ಟಿಯಾಗಿದ್ದಕ್ಕೆ 24 ಗ್ರಾಂ ಚರೆ ಇರೋ ಲೈಟ್ ತೋಟಾಗೆ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗ್ತಿಲ್ಲ, ಖಾಲಿ ತೋಟಾ ಅರ್ಧ ಬಂದು ಸಿಕ್ಕಾಕೊಳ್ತು. ಸ್ಯಾಂಡ್‌ಪೇಪರ್ ಗೀರಿಗೆ ಹೊಡೆದ ತೋಟಾ ಅಂಟ್ಕೊಳ್ಳೋದು ಬೇರೆ.

ಕೊನೆಗೆ ರೇಂಜಲ್ಲಿ ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ, "ಯಾವ ಎಣ್ಣೆ ಹಾಕ್ತೀಯ?"

ಆಯುಧಪೂಜೆ ದಿನ ದೊಡ್ಡಪ್ಪ ಕೋವಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಬೋಲ್ಟ್ ಸಂದಿಗೂ ಧಾರಾಳವಾಗಿ ಸುರಿದು, ಸ್ಟಾಕ್ ಕೆಳಗೆ ಮಾಡಿ ದೇವರಮನೆ ಮೂಲೇಲಿ ನಿಲ್ಲಿಸಿದ್ರು. ಎಣ್ಣೆ ನೇರ ಇಳಿದು ಸ್ಟಾಕ್ ಒಳಗಿನ ಸ್ಪ್ರಿಂಗ್ ಕೊಳವೆ ಸೇರಿದೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಕೆಳಗೆ ಗಟ್ಟಿಯಾಗತ್ತೆ, ಬಾತ್ರೂಮ್ ಬಾಟ್ಲಿ ನೋಡಿದೋರಿಗೆಲ್ಲ ಗೊತ್ತು, ನಮ್ಮ ಡಿಸೆಂಬರ್ ಬೆಳಗ್ಗೆ ಹದಿನೈದು ಹದಿನಾರು ಡಿಗ್ರಿ. ಬಿಸಿಲು ಬಂದ್ರೆ ಕರಗ್ತಿತ್ತು, ಕೋವಿ ಸರಿಹೋಗ್ತಿತ್ತು. ಹಿಂದಿನ ರಬ್ಬರ್ ಪ್ಯಾಡ್ ತೆಗೆದು, ಉದ್ದ ಸ್ಕ್ರೂಡ್ರೈವರ್ ಹಾಕಿ ಸ್ಟಾಕ್ ಬಿಚ್ಚಿದ್ರೆ, ಕೊಳವೆ ತುಂಬಾ ಮೇಣದ ಥರ ಬಿಳೀ ಜಿಡ್ಡು, ಮಧ್ಯ ಮಧ್ಯ ಕುಂಕುಮದ ಕೆಂಪು ಗೆರೆ. ಅಂಗಡಿಯವನು ಆ ಜಿಡ್ಡಿನ ಮೇಲೇನೇ ಹೊಸಾ ಸ್ಪ್ರಿಂಗ್ ತುರುಕಿದ್ದ!

ಸೀಮೆಎಣ್ಣೆಲಿ ತೊಳೆದು, ಒಣಗಿಸಿ, ಗನ್ ಆಯಿಲ್ ಬಟ್ಟೇಲಿ ಸವರಿದ ಹಾಗೆ ಮಾತ್ರ ಹಚ್ಚಿದೆ. ಮುಚ್ಕೊಳ್ಳೋ ತೊಂದ್ರೆ ಅಲ್ಲಿಗೆ ಮುಗೀತು.

ನಿಮ್ಮದೂ ಹೀಗೇ ನಿಲ್ತಿದ್ರೆ, ಎಲ್ಲಾ ತೋಟಾ ತೆಗೆದು ಪಕ್ಕದ ರೂಮಲ್ಲಿಟ್ಟು ಬನ್ನಿ, ಮ್ಯಾಗಜೀನ್ ಕೊಳವೆ (ಮುಂದಿನ ತೋಟಾಗಳು ಸಾಲಾಗಿ ಕೂರೋದು), ಚೇಂಬರ್ ಎರಡಕ್ಕೂ ಬೆರಳು ಹಾಕಿ ನೋಡಿ. ಖಾಲಿ ಕೋವೀಲಿ ಬೋಲ್ಟ್ ನಿಧಾನ ಮುಂದೆ ಬಿಟ್ಟಾಗ ಎಲ್ಲಿ ತಡೆದು ಎಳಕೊಳ್ಳತ್ತೆ ಗಮನಿಸಿ. ಖಾಲೀಲೂ ಎಳಕೊಂಡ್ರೆ ಜಿಡ್ಡು ಇಲ್ಲಾ ಸ್ಪ್ರಿಂಗು. ಖಾಲೀಲಿ ಸಲೀಸಾಗಿದ್ರೆ ನಳಿಗೆ ಬಿಚ್ಕೊಂಡು ಮದ್ದಿಲ್ಲದ ಡಮ್ಮಿ ತೋಟಾ ಚೇಂಬರ್‌ಗೆ ಬಿಡಿ, ತಾನೇ ಇಳಿದು ತಾನೇ ಜಾರಿ ಬರ್ಬೇಕು, ಬಂದ್ರೆ ಮಳೆಗಾಲದ ತೇವಕ್ಕೆ ನಿಮ್ಮ ತೋಟಾಗಳು ಉಬ್ಬಿವೆಯಾ ನೋಡಿ. ಇನ್ನು ತುಂಬೋವಾಗ ಮಾತ್ರ ಹ್ಯಾಂಡಲ್ ಹಿಡ್ಕೊಂಡು ಮೆಲ್ಲಗೆ ಮುಂದಕ್ಕೆ ಕಳಿಸ್ಬೇಡಿ, ಫುಲ್ ಎಳೆದು ಬಿಟ್ಬಿಡಿ, ಕೆಲವರಿಗೆ ಕಾಯಿಲೆ ಅಷ್ಟೇ ಇರತ್ತೆ.

ಹಳೇ ಸ್ಪ್ರಿಂಗ್ ಕೊಡಿ ಅಂತ ಆ ಅಂಗಡಿಗೆ ಹೋಗಿದ್ದೆ. "ಗುಜರಿಗೆ ಹೋಯ್ತಲ್ಲ ಸಾರ್" ಅಂದ. ಯಾವ ದೋಷನೂ ಇಲ್ದಿದ್ದ ಸ್ಪ್ರಿಂಗ್ ಅದು, ಅದೇ ಅಳತೇದು ಇನ್ನೂ ಹುಡುಕ್ತಿದೀನಿ.